ನೀಲ್ ಗೌ ವಿಲಾಪ

ನೀಲ್ ಗೌ ವಿಲಾಪ ಎಂಬುದು ಸ್ಕಾಟ್ಲೆಂಡಿನ ಪಿಟೀಲು ಪರಂಪರೆಗೆ ಸೇರಿದ, ಸಾಹಿತ್ಯವಿಲ್ಲದ ಒಂದು ನಿಧಾನ ಮಟ್ಟು. ಇದರ ಪೂರ್ಣ ಹೆಸರು ‘ನೀಲ್ ಗೌ ತನ್ನ ಎರಡನೆಯ ಪತ್ನಿಯ ಮರಣಕ್ಕೆ ಮಾಡಿದ ವಿಲಾಪ’. ಪರ್ತ್‌ಶೈರ್ ಪ್ರಾಂತ್ಯದ ಡಂಕೆಲ್ಡ್ ಪಟ್ಟಣಕ್ಕೆ ಹತ್ತಿರದ ಇನ್ವರ್ ಹಳ್ಳಿಯ ಪಿಟೀಲುವಾದಕ ನೀಲ್ ಗೌ (1727-1807) ಇದರ ಕರ್ತೃ. ಈತನ ಎರಡನೆಯ ಪತ್ನಿ ಮಾರ್ಗರೆಟ್ ಅರ್ಕರ್ಟ್ 1805ರಲ್ಲಿ ತೀರಿಕೊಂಡಳು. ಆಕೆಯ ನೆನಪಿನ ಈ ಮಟ್ಟು ಗೌ ಮನೆತನದ ‘ಸ್ಟ್ರಾತ್‌ಸ್ಪೇ ರೀಲುಗಳ ಐದನೆಯ ಸಂಗ್ರಹ’ದಲ್ಲಿ 1809ರಲ್ಲಿ ಎಡಿನ್‌ಬರೊದಿಂದ ಪ್ರಕಟವಾಯಿತು. ಕರ್ತೃ, ಸಂದರ್ಭ, ಪ್ರಕಟಣೆಯ ವರ್ಷ ಮೂರೂ ಗೊತ್ತಿರುವ ಈ ರಚನೆಯನ್ನು ವಾದಕರೂ ಕೇಳುಗರೂ ‘ಸಾಂಪ್ರದಾಯಿಕ’ ಎಂದೇ ಕರೆಯುತ್ತಾರೆ. ಕರ್ತೃವಿನ ಹೆಸರು ಮರೆತುಹೋದ ಮೇಲಷ್ಟೇ ರಚನೆಯೊಂದು ಪರಂಪರೆಯದಾಗುತ್ತದೆ ಎಂಬ ಎಣಿಕೆಗೆ ಇದು ಹೊಂದುವುದಿಲ್ಲ. ಮಟ್ಟಿನ ಹುಟ್ಟು, ಮುದ್ರಣ, ರೂಪ, ಪ್ರಸಾರಗಳನ್ನು ಒಂದೊಂದಾಗಿ ನೋಡಿದರೆ, ಮಟ್ಟು ಪರಂಪರೆಗೆ ಸೇರಿದ್ದು ಹುಟ್ಟಿದ ರೀತಿಯಿಂದಲ್ಲ, ಹುಟ್ಟಿದ ನಂತರ ವಾದಕರು ಅದನ್ನು ಬಳಸಿದ ರೀತಿಯಿಂದ ಎಂಬುದು ಸ್ಪಷ್ಟವಾಗುತ್ತದೆ.

ಪಾರಿಭಾಷಿಕ ಪದಗಳು

ಈ ಲೇಖನದಲ್ಲಿ ‘ಮಟ್ಟು’ ಎಂದರೆ ಸಾಹಿತ್ಯವನ್ನು ಅವಲಂಬಿಸದೆ ಸ್ವತಂತ್ರವಾಗಿ ನಿಲ್ಲುವ ಸ್ವರರಚನೆ. ಸ್ಕಾಟ್ಲೆಂಡಿನ ಪಿಟೀಲು ಮಟ್ಟುಗಳಲ್ಲಿ ಎರಡು ದೊಡ್ಡ ವರ್ಗಗಳಿವೆ: ಕುಣಿತದ ಮಟ್ಟುಗಳು ಮತ್ತು ಕೇಳುವ ಮಟ್ಟುಗಳು. ರೀಲು, ಜಿಗ್ ಮತ್ತು ಸ್ಟ್ರಾತ್‌ಸ್ಪೇ ಮೊದಲ ವರ್ಗದ ಮುಖ್ಯ ಪ್ರಕಾರಗಳು. ರೀಲು ಸಮ ಹೆಜ್ಜೆಯ ಚುರುಕು ಕುಣಿತಕ್ಕೆ ಸೇರಿದ್ದು. ಜಿಗ್ ಮೂರು ಮೂರು ಸ್ವರಗಳ ಗುಂಪುಗಳಲ್ಲಿ ಸಾಗುತ್ತದೆ. ಸ್ಪೇ ನದಿಯ ಕಣಿವೆಯಿಂದ ಹೆಸರು ಪಡೆದ ಸ್ಟ್ರಾತ್‌ಸ್ಪೇ ರೀಲಿಗಿಂತ ನಿಧಾನವಾದದ್ದು. ಗಿಡ್ಡ ಸ್ವರವೊಂದು ಉದ್ದ ಸ್ವರಕ್ಕೆ ತಟ್ಟನೆ ತಗಲುವ ‘ಸ್ಕಾಟ್ ಸ್ನ್ಯಾಪ್’ ಎಂಬ ಲಯವಿಶೇಷ ಅದರ ಗುರುತು. ಎರಡನೆಯ ವರ್ಗಕ್ಕೆ ಸೇರಿದ, ಹೆಜ್ಜೆಯ ಕಟ್ಟಿಲ್ಲದೆ ವಿಳಂಬದಲ್ಲಿ ನುಡಿಸುವ ಮಟ್ಟುಗಳನ್ನು ಇಲ್ಲಿ ‘ನಿಧಾನ ಮಟ್ಟು’ ಎಂದು ಕರೆಯಲಾಗಿದೆ. ಅವುಗಳ ಪೈಕಿ ವ್ಯಕ್ತಿಯೊಬ್ಬರ ಮರಣವನ್ನು ಅಥವಾ ನಷ್ಟವೊಂದನ್ನು ಹೆಸರಿನಲ್ಲೇ ಹೇಳುವ ರಚನೆ ‘ವಿಲಾಪ’. ‘ಪಿಟೀಲು’ ಎಂಬುದು ಯುರೋಪಿನ ವಯೊಲಿನ್ ವಾದ್ಯವೇ. ಪರಂಪರೆಯ ಸಂಗೀತದಲ್ಲಿ ಅದೇ ವಾದ್ಯವನ್ನು ಬೇರೆ ಕಮಾನುಗಾರಿಕೆಯಿಂದ ನುಡಿಸುತ್ತಾರೆ.

ಹಿನ್ನೆಲೆ

ಹದಿನೆಂಟನೆಯ ಶತಮಾನ ಸ್ಕಾಟ್ಲೆಂಡಿನ ಪಿಟೀಲು ಸಂಗೀತದ ಏಳಿಗೆಯ ಕಾಲ. ಎಡಿನ್‌ಬರೊ ನಗರದ ಕುಣಿತದ ಸಭೆಗಳು, ಹೈಲ್ಯಾಂಡ್ ಸೀಮೆಯ ಜಮೀನುದಾರರ ಕೋಟೆಮನೆಗಳು, ಹಳ್ಳಿಗಳ ಮದುವೆ ಮತ್ತು ಸುಗ್ಗಿಯ ಕೂಟಗಳು ಮೂರೂ ಕಡೆ ಪಿಟೀಲುವಾದಕರಿಗೆ ಬೇಡಿಕೆಯಿತ್ತು. ಒಬ್ಬನೇ ವಾದಕ ಶ್ರೀಮಂತರ ಸಭೆಯಲ್ಲೂ ರೈತರ ಕಣದಲ್ಲೂ ಅದೇ ಮಟ್ಟುಗಳನ್ನು ನುಡಿಸುತ್ತಿದ್ದ. ಬರೆದು ಓದುವ ಸಂಗೀತ, ಕೇಳಿ ಕಲಿಯುವ ಸಂಗೀತ ಎಂಬ ಗೆರೆ ಅಲ್ಲಿ ಗಟ್ಟಿಯಾಗಿರಲಿಲ್ಲ. ವಿಲಿಯಂ ಮೆಕ್‌ಗಿಬನ್ 1740ರ ದಶಕದಲ್ಲಿ ಸ್ಕಾಟ್ ಮಟ್ಟುಗಳನ್ನು ಅಚ್ಚಿಗೆ ತಂದ. ಜೇಮ್ಸ್ ಆಸ್ವಾಲ್ಡ್‌ನ ‘ಕ್ಯಾಲಿಡೋನಿಯನ್ ಪಾಕೆಟ್ ಕಂಪ್ಯಾನಿಯನ್’ ಸಂಪುಟಗಳು ಅದೇ ಕಾಲದಲ್ಲಿ ಆರಂಭವಾದವು. ರಾಬರ್ಟ್ ಬ್ರೆಮ್ನರ್ 1757ರಿಂದ ರೀಲುಗಳ ಸಂಗ್ರಹವನ್ನು ಕಂತುಗಳಲ್ಲಿ ಹೊರತಂದ. ಹೀಗಾಗಿ ನೀಲ್ ಗೌ ಪ್ರೌಢನಾಗುವ ಹೊತ್ತಿಗೆ ಮುದ್ರಿತ ಪುಸ್ತಕ ಪಿಟೀಲು ಪರಂಪರೆಗೆ ಹೊರಗಿನದಾಗಿ ಉಳಿದಿರಲಿಲ್ಲ. ಮಟ್ಟು ಊರಿಂದೂರಿಗೆ ಹೋಗುವ ದಾರಿಗಳಲ್ಲಿ ಅದೂ ಒಂದಾಗಿತ್ತು.

ವಿಲಾಪಕ್ಕೆ ಇನ್ನೂ ಹಳೆಯ ಬೇರುಗಳಿವೆ. ಗೇಲಿಕ್ ಭಾಷೆಯ ಹೈಲ್ಯಾಂಡ್ ಸಮಾಜದಲ್ಲಿ ಕುಲನಾಯಕನ ಮರಣಕ್ಕೆ ಹಾರ್ಪ್ ವಾದಕರೂ ಬ್ಯಾಗ್‌ಪೈಪ್ ವಾದಕರೂ ‘ಕುವ’ ಎಂಬ ಶೋಕರಚನೆ ಮಾಡುವ ವಾಡಿಕೆಯಿತ್ತು. ಬ್ಯಾಗ್‌ಪೈಪಿನ ‘ಪೀಬ್ರಾಕ್’ ಎಂಬ ದೀರ್ಘ ಪ್ರಕಾರದಲ್ಲಿ ಇಂಥ ವಿಲಾಪಗಳ ದೊಡ್ಡ ಗುಂಪೇ ಇದೆ. ಪಿಟೀಲು ಈ ವಾಡಿಕೆಯನ್ನು ಪಡೆದುಕೊಂಡಾಗ ಎರಡು ಬದಲಾವಣೆಗಳಾದವು: ರಚನೆ ಚಿಕ್ಕದಾಯಿತು, ಶೋಕಕ್ಕೆ ವಸ್ತುವಾಗುವ ವ್ಯಕ್ತಿಗಳ ವಲಯ ಹಿಗ್ಗಿತು. ನೀಲ್ ಗೌ ತನ್ನ ಪೋಷಕ ಅಬರ್‌ಕಾರ್ನಿಯ ಜೇಮ್ಸ್ ಮೋರೆಗಾಗಿ ವಿಲಾಪ ರಚಿಸಿದ. ತಮ್ಮ ಡೊನಾಲ್ಡನ ಮರಣಕ್ಕೂ ರಚಿಸಿದ. ಪತ್ನಿಗಾಗಿ ಮಾಡಿದ ವಿಲಾಪ ಈ ಸಾಲಿನಲ್ಲೇ ಬರುತ್ತದೆ. ನಾಯಕನಿಗೆ ಮೀಸಲಾಗಿದ್ದ ಪ್ರಕಾರ ಇಲ್ಲಿ, ಸಾರ್ವಜನಿಕ ಸ್ಥಾನವೇನೂ ಇಲ್ಲದ ಒಬ್ಬ ಗೃಹಿಣಿಗೆ ಸಂದಿದೆ.

ಕರ್ತೃ

ನೀಲ್ ಗೌ 1727ರ ಮಾರ್ಚ್ 22ರಂದು ಸ್ಟ್ರಾತ್‌ಬ್ರಾನ್ ಕಣಿವೆಯಲ್ಲಿ ಹುಟ್ಟಿದ. ಚಿಕ್ಕಂದಿನಲ್ಲೇ ಕುಟುಂಬ ಇನ್ವರ್ ಹಳ್ಳಿಗೆ ಬಂತು, ಈತ ಕೊನೆಯವರೆಗೂ ಅಲ್ಲೇ ಬಾಳಿದ. ಮೊದಲು ತಾನೇ ಕಲಿತ, ಅನಂತರ ಗ್ರಾಂಟುಲಿಯ ಜಾನ್ ಕ್ಯಾಮರಾನ್ ಎಂಬ ವಾದಕನಿಂದ ಪಾಠ ಪಡೆದ. ಬ್ಲೇರ್ ಕೋಟೆಯ ಆಥಲ್ ಡ್ಯೂಕ್ ಮನೆತನ ಈತನ ಮುಖ್ಯ ಪೋಷಕ. ಡೊನಾಲ್ಡ್ ಗೌ ಚೆಲ್ಲೊ ವಾದ್ಯದಲ್ಲಿ ಅಣ್ಣನಿಗೆ ಜತೆ ನೀಡುತ್ತಿದ್ದ. ಪಿಟೀಲು ಮತ್ತು ಚೆಲ್ಲೊ ಎರಡೇ ವಾದ್ಯಗಳ ಈ ಜೋಡಿ ಆ ಕಾಲದ ಕುಣಿತದ ಮೇಳಕ್ಕೆ ಮಾದರಿಯಾಗಿತ್ತು. ಚಿತ್ರಕಾರ ಹೆನ್ರಿ ರೇಬರ್ನ್ ಬರೆದ ಈತನ ಭಾವಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿದೆ. ಕವಿ ರಾಬರ್ಟ್ ಬರ್ನ್ಸ್ 1787ರ ಹೈಲ್ಯಾಂಡ್ ಪ್ರವಾಸದಲ್ಲಿ ಈತನನ್ನು ಭೇಟಿಯಾಗಿ ಆ ಬಗ್ಗೆ ತನ್ನ ದಿನಚರಿಯಲ್ಲಿ ಬರೆದಿದ್ದಾನೆ.

ಗೌನ ಮೊದಲ ಪತ್ನಿ ಮಾರ್ಗರೆಟ್ ವೈಸ್‌ಮನ್. ಮಕ್ಕಳೆಲ್ಲ ಆಕೆಯಲ್ಲಿ ಹುಟ್ಟಿದವರು. ಗಂಡುಮಕ್ಕಳ ಪೈಕಿ ವಿಲಿಯಂ, ಜಾನ್, ಆಂಡ್ರ್ಯೂ ಮತ್ತು ನಥೇನಿಯಲ್ ಸಂಗೀತವನ್ನೇ ವೃತ್ತಿಯಾಗಿಸಿಕೊಂಡರು. ಪರ್ತ್ ಪಟ್ಟಣದ ಮಾರ್ಗರೆಟ್ ಅರ್ಕರ್ಟ್‌ಳನ್ನು ಗೌ 1768ರಲ್ಲಿ ಮದುವೆಯಾದ. 37 ವರ್ಷಗಳ ದಾಂಪತ್ಯದ ನಂತರ ಆಕೆ ತೀರಿಕೊಂಡಾಗ ಈತನಿಗೆ ಎಪ್ಪತ್ತೆಂಟರ ಆಸುಪಾಸು. 1807ರ ಮಾರ್ಚ್ 1ರಂದು ಗೌ ಇನ್ವರ್‌ನಲ್ಲಿ ನಿಧನನಾದ, ಸಮಾಧಿ ಲಿಟ್ಲ್ ಡಂಕೆಲ್ಡ್ ಚರ್ಚಿನ ಆವರಣದಲ್ಲಿದೆ. ಈತನ ವಾದನವನ್ನು ಕುರಿತ ಮೊದಲ ವಿಸ್ತಾರವಾದ ಬರಹವನ್ನು ಡಾ. ಮೆಕ್‌ನೈಟ್ 1809ರ ‘ಸ್ಕಾಟ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಕಮಾನನ್ನು ಮೇಲಕ್ಕೆ ಎಳೆಯುವಾಗ ಇತರರಲ್ಲಿ ಕುಂದುವ ನಾದ ಗೌನಲ್ಲಿ ಅಷ್ಟೇ ಗಟ್ಟಿಯಾಗಿ ಮೊಳಗುತ್ತಿತ್ತು ಎಂಬುದು ಆ ಬರಹದ ಮುಖ್ಯ ಅಂಶ. ವಿಲಾಪ ಅಚ್ಚಾದ ವರ್ಷವೂ ಅದೇ ಆದುದರಿಂದ, ಮಟ್ಟು ಪುಸ್ತಕವಾಗಿ ಹೊರಟಾಗ ಅದರ ಜತೆಗೆ ಕರ್ತೃವಿನ ಖ್ಯಾತಿಯೂ ಅಚ್ಚಿನಲ್ಲಿ ಹರಡುತ್ತಿತ್ತು.

ಮುದ್ರಣ

ಗೌ ಮನೆತನದ ಮೊದಲ ಸಂಗ್ರಹ 1784ರಲ್ಲಿ ಬಂತು. ಎರಡನೆಯದು 1788ರಲ್ಲಿ, ಮೂರನೆಯದು 1792ರಲ್ಲಿ, ನಾಲ್ಕನೆಯದು 1800ರಲ್ಲಿ, ಐದನೆಯದು 1809ರಲ್ಲಿ, ಆರನೆಯದು 1822ರಲ್ಲಿ ಹೊರಬಂದವು. ಇವುಗಳ ಜತೆಗೆ ‘ಕಂಪ್ಲೀಟ್ ರೆಪಾಸಿಟರಿ’ ಎಂಬ ನಾಲ್ಕು ಭಾಗಗಳ ಸಂಪುಟ 1799 ಮತ್ತು 1817ರ ನಡುವೆ ಪ್ರಕಟವಾಯಿತು. ಪ್ರಕಟಣೆಯ ಹೊಣೆ ಹೆಚ್ಚಾಗಿ ನಥೇನಿಯಲ್ ಗೌ (1763-1831) ಮೇಲಿತ್ತು. ಎಡಿನ್‌ಬರೊದಲ್ಲಿ ನೆಲೆಸಿದ ಈತ ವಿಲಿಯಂ ಶೆಪರ್ಡ್ ಜತೆ ಸೇರಿ 1796ರಿಂದ ಸಂಗೀತ ಪುಸ್ತಕಗಳ ಅಂಗಡಿ ನಡೆಸಿದ, ನಗರದ ಕುಣಿತದ ಸಭೆಗಳಿಗೆ ಮೇಳವನ್ನೂ ಒದಗಿಸಿದ. ಗೌ ಸಂಗ್ರಹಗಳು ಒಂದೇ ಸಾಲಿನ ಸ್ವರಲಿಪಿಯ ಪುಸ್ತಕಗಳಲ್ಲ. ಪಿಟೀಲಿನ ಸಾಲಿನ ಕೆಳಗೆ ಚೆಲ್ಲೊ ಅಥವಾ ಹಾರ್ಪ್ಸಿಕಾರ್ಡ್ ನುಡಿಸಲೆಂದು ಮಂದ್ರದ ಸಾಲೊಂದಿರುತ್ತದೆ. ಹಳ್ಳಿಯ ವಾದಕನ ಜತೆಗೆ, ಮನೆಯಲ್ಲಿ ಕೀಲಿಮಣೆಯ ವಾದ್ಯವಿದ್ದ ನಗರದ ಗಿರಾಕಿಯನ್ನೂ ಈ ಪುಸ್ತಕಗಳು ಗಮನದಲ್ಲಿಟ್ಟುಕೊಂಡಿದ್ದವು.

ಐದನೆಯ ಸಂಗ್ರಹದಲ್ಲಿ ವಿಲಾಪದ ಜತೆ ಚಿಕ್ಕ ಟಿಪ್ಪಣಿಯೊಂದಿದೆ. ದಂಪತಿ ಮೂವತ್ತಕ್ಕೂ ಹೆಚ್ಚು ವರ್ಷ ಕೂಡಿ ಬಾಳಿದರು, ಆಕೆ ಪತಿಗಿಂತ ಎರಡು ವರ್ಷ ಹಿರಿಯಳು, ಆಕೆಗೆ ಮಕ್ಕಳಿರಲಿಲ್ಲ ಎಂಬ ಮೂರು ಸಂಗತಿಗಳಷ್ಟೇ ಅದರ ಸಾರ. ಗುಣಗಾನವಾಗಲಿ ದುಃಖದ ವರ್ಣನೆಯಾಗಲಿ ಅಲ್ಲಿಲ್ಲ. ಹಾಡಿನ ಸಾಹಿತ್ಯವಿಲ್ಲದ ರಚನೆಗೆ ಹೆಸರು ಮತ್ತು ಟಿಪ್ಪಣಿ ಇವೆರಡೇ ಪಠ್ಯ. ಇದರ ಪರಿಣಾಮ ದೂರಗಾಮಿಯಾದದ್ದು. ಮಟ್ಟು ಎಲ್ಲಿಗೆ ಹೋದರೂ ಉದ್ದನೆಯ ಹೆಸರು ಅದಕ್ಕೆ ಅಂಟಿಕೊಂಡೇ ಹೋಯಿತು. ಕುಣಿತದ ಮಟ್ಟುಗಳು ಊರು ಬದಲಾದಾಗ ಹೆಸರು ಬದಲಿಸುವುದು ಸಾಮಾನ್ಯ. ಹೆಸರಿನಿಂದಲೇ ಅರ್ಥ ಪಡೆಯುವ ವಿಲಾಪ ಹೆಸರನ್ನು ಬಿಟ್ಟುಕೊಟ್ಟರೆ ವಿಲಾಪವಾಗಿ ಉಳಿಯುವುದಿಲ್ಲ. ಕರ್ತೃವಿನ ಗುರುತು ಇಲ್ಲಿ ಅಳಿಯದೆ ಉಳಿದದ್ದಕ್ಕೆ ಮುದ್ರಣ ಒಂದು ಕಾರಣ, ಪ್ರಕಾರದ ಈ ಸ್ವಭಾವ ಇನ್ನೊಂದು.

ಕರ್ತೃತ್ವದ ಪ್ರಶ್ನೆ

ಗೌ ಮನೆತನದ ಪುಸ್ತಕಗಳ ಬಗ್ಗೆ ಗಂಭೀರ ಆಕ್ಷೇಪವೊಂದಿದೆ. ಗಾರ್ಡನ್ ಡ್ಯೂಕನ ಮನೆಯ ಉದ್ಯೋಗಿಯಾಗಿದ್ದ ಸಮಕಾಲೀನ ರಚನಕಾರ ವಿಲಿಯಂ ಮಾರ್ಷಲ್ (1748-1833), ತನ್ನ ಮಟ್ಟುಗಳನ್ನು ಇತರರು ಹೆಸರು ಬದಲಿಸಿ ಪ್ರಕಟಿಸಿದ್ದಾರೆಂದು ದೂರಿದ. ಎಡಿನ್‌ಬರೊದ ಸಂಗೀತ ವ್ಯಾಪಾರಿಯೂ ಸಂಗ್ರಾಹಕನೂ ಆದ ಜಾನ್ ಗ್ಲೆನ್ 1890ರ ದಶಕದಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಸಂಗ್ರಹದಲ್ಲಿ ಮುದ್ರಣಗಳನ್ನು ಹೋಲಿಸಿ, ನೀಲ್ ಗೌ ಹೆಸರಿನಲ್ಲಿರುವ ಮಟ್ಟುಗಳ ಒಂದು ಪಾಲು ಬೇರೆಯವರದೆಂದು ವಾದಿಸಿದ. ಗೌ ರಚನೆಗಳೆಂದು ಸಾಮಾನ್ಯವಾಗಿ ಎಣಿಸಲಾಗುವ ಸುಮಾರು 87 ಮಟ್ಟುಗಳ ಪಟ್ಟಿಯನ್ನು ಹಾಗೆಯೇ ಒಪ್ಪುವಂತಿಲ್ಲ ಎಂಬುದು ಇದರಿಂದ ಸಿದ್ಧವಾಗುತ್ತದೆ. ಆದರೆ ಆಕ್ಷೇಪವನ್ನು ಆ ಕಾಲದ ಕಾನೂನು ಮತ್ತು ರೂಢಿಯ ಹಿನ್ನೆಲೆಯಲ್ಲಿಟ್ಟು ತೂಗಬೇಕು. ಮುದ್ರಿತ ಸಂಗೀತಕ್ಕೂ ಪುಸ್ತಕಗಳಂತೆಯೇ ಹಕ್ಕುಸ್ವಾಮ್ಯದ ರಕ್ಷಣೆಯಿದೆ ಎಂದು ಇಂಗ್ಲೆಂಡಿನ ನ್ಯಾಯಾಲಯ ಸ್ಪಷ್ಟಪಡಿಸಿದ್ದೇ 1777ರಲ್ಲಿ, ಯೋಹಾನ್ ಕ್ರಿಶ್ಚಿಯನ್ ಬಾಖ್ ಹೂಡಿದ ಮೊಕದ್ದಮೆಯಲ್ಲಿ. ಕುಣಿತದ ಮಟ್ಟು ಒಬ್ಬರ ಸೊತ್ತು ಎಂಬ ಕಲ್ಪನೆ ಪಿಟೀಲುವಾದಕರ ನಡುವೆ ಆಗಿನ್ನೂ ಗಟ್ಟಿಯಾಗುತ್ತಿತ್ತು. ಕುಣಿತದ ಮಟ್ಟನ್ನು ಪೋಷಕರೊಬ್ಬರ ಹೆಸರಿನಿಂದ ಮರುನಾಮಕರಣ ಮಾಡುವುದು ವ್ಯಾಪಾರದ ವಾಡಿಕೆಯೂ ಆಗಿತ್ತು.

ವಿಲಾಪದ ಮಟ್ಟಿಗೆ ಪ್ರಶ್ನೆ ಬೇರೆಯದು. ಇದು ಪೋಷಕರನ್ನು ಮೆಚ್ಚಿಸಲು ಹೆಸರಿಟ್ಟ ಮಟ್ಟಲ್ಲ, ಇದರ ಹೆಸರಿನಿಂದ ಯಾರಿಗೂ ಲಾಭವಿರಲಿಲ್ಲ. ಗಮನಿಸಬೇಕಾದ ಸಂದೇಹ ಇನ್ನೊಂದು: ಪುಸ್ತಕ ಬಂದದ್ದು ನೀಲ್ ಗೌ ತೀರಿಕೊಂಡ ಎರಡು ವರ್ಷಗಳ ಮೇಲೆ. ಹೀಗಿರುವಾಗ ಅದು ಮಗ ನಥೇನಿಯಲ್ ತಂದೆಯ ಹೆಸರಿನಲ್ಲಿ ಮಾಡಿದ ರಚನೆ ಏಕಾಗಿರಬಾರದು? ನಥೇನಿಯಲ್ ಸಮರ್ಥ ರಚನಕಾರನೇ. ಎಡಿನ್‌ಬರೊದ ಮೀನು ಮಾರುವವರ ಕೂಗನ್ನು ಆಧರಿಸಿದ ‘ಕ್ಯಾಲರ್ ಹೆರಿಂಗ್’ ಆತನದು. ಆದರೆ ಆತ ತನ್ನ ರಚನೆಗಳಿಗೆ ತನ್ನ ಹೆಸರನ್ನೇ ಹಾಕುತ್ತಿದ್ದ, ಅದನ್ನು ಮರೆಮಾಚಬೇಕಾದ ಸಂದರ್ಭ ಇಲ್ಲಿರಲಿಲ್ಲ. ಮೃತಳು ಆತನ ಮಲತಾಯಿ. ಟಿಪ್ಪಣಿಯ ವಿವರಗಳು ಮನೆಯವರಿಗೆ ತಿಳಿದಿರುವಂಥವು, ಪುಸ್ತಕ ಬಂದಾಗ ಆ ಮನೆಯನ್ನು ಬಲ್ಲ ನೆರೆಹೊರೆಯವರು ಬದುಕಿದ್ದರು. ಲಭ್ಯ ಆಧಾರಗಳಿಗೆ ಹೆಚ್ಚು ಹೊಂದುವ ತೀರ್ಮಾನ ಇದು: ಪಿಟೀಲಿನ ಮಟ್ಟು ನೀಲ್ ಗೌನದು, ಪುಟದ ಮೇಲೆ ಅದು ಪಡೆದ ಮುದ್ರಿತ ರೂಪ ನಥೇನಿಯಲ್‌ನ ಸಂಪಾದನೆಯ ಮೂಲಕ ಬಂದದ್ದು. ಹಾಗಾಗಿ ನಮಗೆ ಸಿಗುವ ಅತಿ ಹಳೆಯ ರೂಪವೇ ಇಬ್ಬರ ಕೈ ದಾಟಿದೆ. ಮನೆತನದಲ್ಲಿ ಒಂದೇ ಹೆಸರು ಮರುಕಳಿಸುವುದರಿಂದ ಇನ್ನೊಂದು ಗೊಂದಲವೂ ಉಂಟು. ನಥೇನಿಯಲ್‌ನ ಮಗನ ಹೆಸರೂ ನೀಲ್, ಈತ 1823ರಲ್ಲಿ ತೀರಿಕೊಂಡ. ಜೇಮ್ಸ್ ಹಾಗ್‌ನ ಗೀತೆಗಳಿಗೆ ಸ್ವರಸಂಯೋಜನೆ ಮಾಡಿದವ ಈ ಮೊಮ್ಮಗ, ವಿಲಾಪದ ಕರ್ತೃ ಅಜ್ಜ.

ರಚನೆ

ವಿಲಾಪ ಡಿ ಮೇಜರ್ ಶ್ರುತಿಯಲ್ಲಿದೆ. ಇದರ ಸ್ವರಸ್ಥಾನಗಳು ಡಿ ಸ್ವರವನ್ನು ಷಡ್ಜವಾಗಿಟ್ಟುಕೊಂಡ ಶಂಕರಾಭರಣ ಮೇಳದವೇ, ಆದರೆ ರಾಗದ ಗಮಕಗಳಾಗಲಿ ಸಂಚಾರದ ನಿಯಮಗಳಾಗಲಿ ಇಲ್ಲಿ ಅನ್ವಯಿಸುವುದಿಲ್ಲ. ಲಯ ಆರರ ಮಾತ್ರೆಯದು, ಮೂರು ಮೂರರ ಎರಡು ಗುಂಪುಗಳಾಗಿ ಒಡೆಯುತ್ತದೆ. ಸ್ಕಾಟ್ ಮಟ್ಟುಗಳ ಸಾಮಾನ್ಯ ಕ್ರಮದಂತೆ ಎರಡು ಭಾಗಗಳಿವೆ. ಮೊದಲ ಭಾಗ ಮುಖ್ಯ ವಿಚಾರವನ್ನು ತಗ್ಗು ಮತ್ತು ನಡುಸ್ಥಾಯಿಯಲ್ಲಿ ಹೇಳುತ್ತದೆ, ಎರಡನೆಯ ಭಾಗ ಮೇಲಿನ ಸ್ಥಾಯಿಗೆ ಏರಿ ಮತ್ತೆ ಆಧಾರಸ್ವರಕ್ಕೆ ಇಳಿಯುತ್ತದೆ. ಪಿಟೀಲಿನ ನಾಲ್ಕು ತಂತಿಗಳು ಜಿ, ಡಿ, ಎ, ಇ ಸ್ವರಗಳಿಗೆ ಶ್ರುತಿಗೊಂಡಿರುವುದರಿಂದ ಡಿ ಮತ್ತು ಎ ಸ್ವರಗಳು ಬಿಡಿತಂತಿಯಲ್ಲೇ ದೊರೆಯುತ್ತವೆ. ಬೆರಳಿಟ್ಟು ನುಡಿಸುವಾಗಲೂ ಆ ತಂತಿಗಳು ಸಹಕಂಪನದಿಂದ ಮೊಳಗಿ ನಾದಕ್ಕೆ ಅಗಲ ಕೊಡುತ್ತವೆ. ಸಂಪೂರ್ಣ ಮಟ್ಟಿಗೆ ಅಸಾಧಾರಣ ಕೈಚಳಕವೇನೂ ಬೇಕಿಲ್ಲ. ಕಷ್ಟವಿರುವುದು ದೀರ್ಘ ಸ್ವರಗಳನ್ನು ಕುಗ್ಗದಂತೆ ಹಿಡಿಯುವ ಕಮಾನಿನಲ್ಲಿ, ಮೆಕ್‌ನೈಟ್ ಗುರುತಿಸಿದ ಗೌನ ಶಕ್ತಿಯೂ ಅಲ್ಲೇ ಇತ್ತು.

ಯುರೋಪಿನ ನಂತರದ ಸಂಗೀತದ ಅಭ್ಯಾಸದಲ್ಲಿ ಶೋಕಕ್ಕೆ ಮೈನರ್ ಶ್ರುತಿ, ಸಂತೋಷಕ್ಕೆ ಮೇಜರ್ ಶ್ರುತಿ ಎಂಬ ಒಂದು ಸಮೀಕರಣವಿದೆ. ಅದರ ಪ್ರಕಾರ ಈ ವಿಲಾಪ ವಿಲಾಪವೇ ಅಲ್ಲ ಎನ್ನಬೇಕಾಗುತ್ತದೆ. ಆದರೆ ಪೀಬ್ರಾಕ್ ವಿಲಾಪಗಳೂ ಬ್ಯಾಗ್‌ಪೈಪಿನ ಸ್ಥಿರ ಸ್ವರಶ್ರೇಣಿಯಲ್ಲೇ ನಡೆಯುತ್ತವೆ, ಸಂದರ್ಭಕ್ಕೆ ತಕ್ಕಂತೆ ಆ ಶ್ರೇಣಿ ಬದಲಾಗುವುದಿಲ್ಲ. ಶೋಕ ಅಲ್ಲಿ ಸ್ವರಗಳ ಆಯ್ಕೆಗಿಂತ ಹೆಚ್ಚಾಗಿ ವಿಳಂಬ ಗತಿ, ಸ್ವರಗಳ ಮೇಲಿನ ತಂಗು ಮತ್ತು ರಚನೆಯ ಹೆಸರುಗಳಿಂದ ಒದಗುತ್ತದೆ. ನೀಲ್ ಗೌ ವಿಲಾಪ ಈ ಹಳೆಯ ತತ್ತ್ವವನ್ನೇ ಪಾಲಿಸುತ್ತದೆ. ಮೇಜರ್ ಶ್ರುತಿಯಲ್ಲಿರುವ ಕಾರಣಕ್ಕೇ ಅದನ್ನು ಗತಿ ಮತ್ತು ಒತ್ತು ಬದಲಿಸಿ ಬೇರೆ ಬೇರೆ ಭಾವಗಳಲ್ಲಿ ನುಡಿಸಲು ಸಾಧ್ಯವಾಗಿದೆ.

ಗತಿ ಮತ್ತು ನುಡಿಸುವ ರೀತಿಗಳು

ಈಗ ಕೇಳಸಿಗುವ ನೀಳವಾದ, ತಾಳದ ಹಂಗು ಸಡಿಲಿಸಿದ ವಾದನ ಹತ್ತೊಂಬತ್ತನೆಯ ಶತಮಾನದ ರಂಗವೇದಿಕೆಯ ಸೃಷ್ಟಿ, ಗೌ ಕಾಲದ್ದಲ್ಲ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಜೇಮ್ಸ್ ಸ್ಕಾಟ್ ಸ್ಕಿನ್ನರ್ (1843-1927) ಪಾಶ್ಚಾತ್ಯ ಶಾಸ್ತ್ರೀಯ ತರಬೇತಿ ಪಡೆದ ವಾದಕ. ಈತ ನಿಧಾನ ಮಟ್ಟನ್ನು ಕಛೇರಿಯ ಕೃತಿಯಾಗಿ ಬೆಳೆಸಿದ, 1903ರಲ್ಲಿ ‘ಹೆಕ್ಟರ್ ದಿ ಹೀರೊ’ ಎಂಬ ಪ್ರಸಿದ್ಧ ವಿಲಾಪವನ್ನೂ ರಚಿಸಿದ. ಬೆರಳು ನಡುಗಿಸಿ ಸ್ವರಕ್ಕೆ ಕಂಪನ ಕೊಡುವುದು, ಸಭಾಂಗಣ ತುಂಬುವಂತೆ ನಾದ ಹಿಗ್ಗಿಸುವುದು ಈತನ ನಂತರ ಹಳೆಯ ಮಟ್ಟುಗಳ ವಾದನಕ್ಕೂ ಹರಡಿತು. ಉಳಿದರ್ಧ ಸತ್ಯ ಬೇರೆ. ಕುಣಿತವಿಲ್ಲದಾಗ ನಿಧಾನವಾಗಿ ನುಡಿಸಬೇಕು ಎಂಬ ಸೂಚನೆ ಗೌ ಸಂಗ್ರಹಗಳಲ್ಲೇ ಸಿಗುತ್ತದೆ. ಕುಣಿತದ ಮಟ್ಟನ್ನೂ ಕೂತು ಕೇಳುವ ಅಭ್ಯಾಸ ಹದಿನೆಂಟನೆಯ ಶತಮಾನದಲ್ಲೇ ಇತ್ತು ಎಂಬುದಕ್ಕೆ ಅದು ಸಾಕ್ಷಿ. ವಿಳಂಬ ಗತಿ ಹಳೆಯದು, ವಿಳಂಬದೊಳಗಿನ ಅಲಂಕಾರ ಕಾಲಕಾಲಕ್ಕೆ ಬದಲಾಗಿದೆ.

ನುಡಿಸುವ ರೀತಿಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತವೆ. ಸ್ಕಾಟ್ಲೆಂಡಿನ ಈಶಾನ್ಯ ಸೀಮೆಯಲ್ಲಿ ಸ್ಕಿನ್ನರ್ ಪ್ರಭಾವದ ನಯವಾದ, ಶಾಸ್ತ್ರೀಯ ಛಾಯೆಯ ಕಮಾನುಗಾರಿಕೆ ಪ್ರಧಾನ. ಪಶ್ಚಿಮ ಹೈಲ್ಯಾಂಡಿನಲ್ಲಿ ಬ್ಯಾಗ್‌ಪೈಪಿನ ಕಿರುಸ್ವರಗಳನ್ನು ಪಿಟೀಲಿಗೆ ಅಳವಡಿಸುತ್ತಾರೆ. ಹೈಲ್ಯಾಂಡ್ ವಲಸಿಗರು ನೆಲೆಸಿದ ಕೆನಡಾದ ಕೇಪ್ ಬ್ರೆಟನ್ ದ್ವೀಪದಲ್ಲಿ ನಿಧಾನ ಮಟ್ಟೊಂದನ್ನು ನುಡಿಸಿ, ನಿಲ್ಲಿಸದೆ ಸ್ಟ್ರಾತ್‌ಸ್ಪೇಗೆ, ಅಲ್ಲಿಂದ ರೀಲಿಗೆ ಸಾಗುವ ಕ್ರಮವಿದೆ. ವಿಲಾಪವೂ ಅಲ್ಲಿ ಇಂಥ ಸರಣಿಗೆ ಮುನ್ನುಡಿಯಾಗಬಲ್ಲದು. ಜೋಡಿತಂತಿಗಳನ್ನು ಕೂಡಿಸಿ ನುಡಿಸುವುದು, ಎರಡನೆಯ ಆವರ್ತನೆಯನ್ನು ಕೆಳಗಿನ ಸ್ಥಾಯಿಗೆ ಇಳಿಸುವುದು, ಮುಕ್ತಾಯವನ್ನು ತಡೆದು ಎಳೆಯುವುದು, ಇವು ವಾದಕನ ಸ್ವಾತಂತ್ರ್ಯಕ್ಕೆ ಬಿಟ್ಟ ವಿಷಯಗಳು.

ಸಾಂಪ್ರದಾಯಿಕ ಎಂಬ ವರ್ಗೀಕರಣ

ಬರೆದಿಟ್ಟ, ಕರ್ತೃವುಳ್ಳ ಮಟ್ಟನ್ನು ಸಾಂಪ್ರದಾಯಿಕ ಎನ್ನುವುದು ಶಾಸ್ತ್ರೀಯವಾಗಿ ತಪ್ಪು ಎಂಬುದು ಮೂರನೆಯ, ಹೆಚ್ಚು ಮೂಲಭೂತವಾದ ಆಕ್ಷೇಪ. ಇದಕ್ಕೆ ಉತ್ತರಿಸಲು ಅಂತರರಾಷ್ಟ್ರೀಯ ಜಾನಪದ ಸಂಗೀತ ಮಂಡಳಿ 1954ರಲ್ಲಿ ಸಾವ್ ಪಾಲೊ ನಗರದ ಸಮ್ಮೇಳನದಲ್ಲಿ ಒಪ್ಪಿದ ವ್ಯಾಖ್ಯೆ ನೆರವಾಗುತ್ತದೆ. ಆ ವ್ಯಾಖ್ಯೆ ಪರಂಪರೆಯನ್ನು ರೂಪಿಸುವ ಮೂರು ಅಂಶಗಳನ್ನು ಹೆಸರಿಸುತ್ತದೆ: ಹಿಂದಿನದಕ್ಕೂ ಇಂದಿನದಕ್ಕೂ ಕೊಂಡಿಯಾಗುವ ಸಾತತ್ಯ, ವ್ಯಕ್ತಿಯ ಅಥವಾ ಗುಂಪಿನ ಸೃಜನಶೀಲತೆಯಿಂದ ಬರುವ ವ್ಯತ್ಯಾಸ, ಯಾವ ರೂಪ ಉಳಿಯಬೇಕೆಂದು ನಿರ್ಧರಿಸುವ ಸಮುದಾಯದ ಆಯ್ಕೆ. ಒಬ್ಬ ವ್ಯಕ್ತಿಯಿಂದ ಹುಟ್ಟಿ ನಂತರ ಸಮುದಾಯದ ಅಲಿಖಿತ ಜೀವಂತ ಪರಂಪರೆಯಲ್ಲಿ ಬೆರೆತ ಸಂಗೀತಕ್ಕೂ ಅದು ಜಾಗ ಕೊಡುತ್ತದೆ. ಸಿದ್ಧವಾಗಿ ಬಂದು ಬದಲಾವಣೆಯಿಲ್ಲದೆ ಉಳಿದ ರಚನೆಯನ್ನು ಮಾತ್ರ ಹೊರಗಿಡುತ್ತದೆ.

ಸಾತತ್ಯದ ಅಳತೆಯಲ್ಲಿ ವಿಲಾಪ ಎರಡು ಶತಮಾನ ದಾಟಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಕಾರ್ಡಿಯನ್ ಮತ್ತು ಪಿಯಾನೊ ಕುಣಿತದ ಮನೆಗಳನ್ನು ಆಕ್ರಮಿಸುತ್ತಿದ್ದಾಗಲೂ ಪಿಟೀಲುವಾದಕರ ಸಂಘಗಳು ಗೌ ಕಾಲದ ಭಂಡಾರವನ್ನು ಕೈಬಿಡಲಿಲ್ಲ. 1881ರಲ್ಲಿ ಸ್ಥಾಪಿತವಾದ ಎಡಿನ್‌ಬರೊ ಹೈಲ್ಯಾಂಡ್ ರೀಲ್ ಮತ್ತು ಸ್ಟ್ರಾತ್‌ಸ್ಪೇ ಸೊಸೈಟಿ ಇವುಗಳಲ್ಲಿ ಪ್ರಮುಖ. 1884ರ ‘ಆಥಲ್ ಕಲೆಕ್ಷನ್’ ಸಂಪುಟವೂ ಇದೇ ಆಸಕ್ತಿಯ ಫಲ. ವ್ಯತ್ಯಾಸದ ಅಳತೆಯೇ ವಿವಾದದ ಕೇಂದ್ರ. ಮುದ್ರಣ ಮಟ್ಟನ್ನು ಗಟ್ಟಿ ಮಾಡಿಬಿಟ್ಟಿತಲ್ಲವೇ, ವ್ಯತ್ಯಾಸಕ್ಕೆ ಎಡೆಯೆಲ್ಲಿ ಎಂದು ಕೇಳಬಹುದು. ಆದರೆ ಗೌ ಕಾಲದ ಪುಟ ವಾದನದ ಪೂರ್ಣ ವಿವರಣೆಯಲ್ಲ. ಅದು ಸ್ವರಗಳ ಹೊರರೇಖೆ ಮತ್ತು ಮಂದ್ರದ ಸಾಲನ್ನು ಕೊಡುತ್ತದೆ. ಕಮಾನು ಎಲ್ಲಿ ತಿರುಗಬೇಕು, ಯಾವ ಸ್ವರಕ್ಕೆ ಕಿರುಸ್ವರ ತಾಗಬೇಕು, ಎಷ್ಟು ಎಳೆಯಬೇಕು ಎಂಬುದನ್ನು ಬಹುಪಾಲು ವಾದಕ ಗುರುವಿನಿಂದ ಅಥವಾ ಕೇಳಿದ ನೆನಪಿನಿಂದ ತುಂಬಿಕೊಳ್ಳಬೇಕು. ಹಿಂದಿನ ವಿಭಾಗದಲ್ಲಿ ಹೇಳಿದ ಪ್ರಾದೇಶಿಕ ಭೇದಗಳು ಹುಟ್ಟಿರುವುದು ಪುಟ ಮೌನವಾಗಿರುವ ಈ ಎಡೆಗಳಲ್ಲೇ. ಮುದ್ರಣ ಮಟ್ಟಿನ ಗುರುತನ್ನು ಕಾಪಾಡಿತು, ಅದರ ವಾದನವನ್ನು ಕಟ್ಟಿಹಾಕಲಿಲ್ಲ.

ಆಯ್ಕೆಯ ಅಳತೆ ಎಲ್ಲಕ್ಕಿಂತ ನಿರ್ಣಾಯಕ. ಗೌ ಮನೆತನದ ಸಂಗ್ರಹಗಳಲ್ಲಿ ನೂರಾರು ಮಟ್ಟುಗಳಿವೆ, ಅವುಗಳಲ್ಲಿ ದೊಡ್ಡ ಪಾಲು ಈಗ ಪುಸ್ತಕದಲ್ಲಷ್ಟೇ ಇದೆ. ಅದೇ ಮುದ್ರಣ, ಅದೇ ಪ್ರಕಾಶಕ, ಅದೇ ಖ್ಯಾತಿ ಎಲ್ಲಕ್ಕೂ ಸಮಾನವಾಗಿ ದೊರೆತಿದ್ದರೂ ವಿಲಾಪ ಉಳಿಯಿತು, ಇನ್ನುಳಿದವು ಹಿಂದೆ ಸರಿದವು. ಕರ್ತೃವಿನ ಹೆಸರೇ ಉಳಿವಿಗೆ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ವಿಸ್ಕಿ ಬಟ್ಟಿಗೆ 1799ರಲ್ಲಿ ಬಿದ್ದ ತಡೆಯನ್ನು ನೆನಪಿಸುವ ‘ಫೇರ್‌ವೆಲ್ ಟು ವಿಸ್ಕಿ’ಯಂಥ ಕೆಲವೇ ಗೌ ರಚನೆಗಳು ಇದರ ಜತೆಗೆ ಜನಬಳಕೆಯಲ್ಲಿ ನಿಂತಿವೆ. ಹೀಗೆ ಮೂರೂ ಅಳತೆಗಳಲ್ಲಿ ವಿಲಾಪ ಸಾಂಪ್ರದಾಯಿಕವೆಂಬ ವರ್ಗಕ್ಕೆ ಸೇರುತ್ತದೆ. ಕರ್ತೃವಿನ ಹೆಸರು ಗೊತ್ತಿರುವುದು ಅದಕ್ಕೆ ಅಡ್ಡಿಯಲ್ಲ.

ಬಳಕೆ

ವಿಲಾಪವನ್ನು ಮುಖ್ಯವಾಗಿ ಒಂಟಿ ಪಿಟೀಲಿನಲ್ಲಿ, ಇಲ್ಲವೇ ಚೆಲ್ಲೊ, ಪಿಯಾನೊ, ಹಾರ್ಪ್ ಅಥವಾ ಗಿಟಾರಿನ ಜತೆಯಲ್ಲಿ ನುಡಿಸುತ್ತಾರೆ. ಪಿಟೀಲಿನ ಬದಲು ಹಾರ್ಪ್ ಮತ್ತು ಗಿಟಾರಿಗೇ ಅಳವಡಿಸಿದ ರೂಪಗಳೂ ಇವೆ. ಕಛೇರಿಗಳಲ್ಲಿ ಚುರುಕು ಮಟ್ಟುಗಳ ನಡುವೆ ಗತಿ ತಗ್ಗಿಸಲು, ಅಂತ್ಯಸಂಸ್ಕಾರ ಮತ್ತು ಸ್ಮರಣೆಯ ಸಭೆಗಳಲ್ಲಿ ಶ್ರದ್ಧಾಂಜಲಿಯಾಗಿ ಇದರ ಬಳಕೆ ಹೆಚ್ಚು. ದಾಂಪತ್ಯದ ನೆನಪಿಗೆ ಕಟ್ಟಿದ ರಚನೆ ಎಂಬ ಅರ್ಥದಲ್ಲಿ ಮದುವೆಗಳಲ್ಲೂ ನುಡಿಸುವುದುಂಟು, ಇದಕ್ಕೆ ಮೇಜರ್ ಶ್ರುತಿ ಅಡ್ಡಬರುವುದಿಲ್ಲ. ಕಲಿಕೆಯಲ್ಲಿ ಇದರ ಪಾತ್ರ ಬೇರೆ ಬಗೆಯದು. ಬೆರಳುಗಳಿಗೆ ಸುಲಭವಾಗಿದ್ದು ಕಮಾನಿಗೆ ಕಠಿಣವಾಗಿರುವುದರಿಂದ ನಾದದ ಹಿಡಿತ ಕಲಿಸಲು ಶಿಕ್ಷಕರು ಇದನ್ನು ಆರಿಸುತ್ತಾರೆ.

ಇಂದಿನ ಸ್ಥಿತಿ

ಇಪ್ಪತ್ತನೆಯ ಶತಮಾನದ ಕೊನೆಯ ಮೂರು ದಶಕಗಳ ಪುನರುಜ್ಜೀವನ ವಿಲಾಪವನ್ನು ಸ್ಕಾಟ್ಲೆಂಡಿನ ಆಚೆಗೂ ಪರಿಚಯಿಸಿತು. ಜೇಮ್ಸ್ ಹಂಟರ್‌ನ ‘ದಿ ಫಿಡಲ್ ಮ್ಯೂಸಿಕ್ ಆಫ್ ಸ್ಕಾಟ್ಲೆಂಡ್’ (1979) ಮತ್ತು ಡೇವಿಡ್ ಜಾನ್ಸನ್‌ನ ಹದಿನೆಂಟನೆಯ ಶತಮಾನದ ಪಿಟೀಲು ಸಂಗೀತವನ್ನು ಕುರಿತ ಅಧ್ಯಯನ (1984) ಹಳೆಯ ಭಂಡಾರವನ್ನು ಮತ್ತೆ ವಾದಕರ ಕೈಗೆ ತಂದವು. ಡಂಕೆಲ್ಡ್ ಸೀಮೆಯ ವಾದಕ ಪೀಟ್ ಕ್ಲಾರ್ಕ್ ನೀಲ್ ಗೌನ ಸ್ವಂತ ಪಿಟೀಲಿನಲ್ಲಿ ಆತನ ಮಟ್ಟುಗಳನ್ನು ನುಡಿಸಿ ‘ಈವನ್ ನೌ’ ಎಂಬ ಧ್ವನಿಮುದ್ರಿಕೆ ಹೊರತಂದ. ಆ ವಾದ್ಯ ಬ್ಲೇರ್ ಕೋಟೆಯಲ್ಲಿದೆ. 2004ರಿಂದ ಡಂಕೆಲ್ಡ್ ಮತ್ತು ನೆರೆಯ ಬರ್ನಮ್‌ನಲ್ಲಿ ಗೌ ಹೆಸರಿನ ಪಿಟೀಲು ಉತ್ಸವ ನಡೆದುಬಂದಿದೆ. ಇನ್ವರ್ ಬಳಿ ಟೇ ನದಿಯ ದಡದ ಓಕ್ ಮರವೊಂದು ‘ನೀಲ್ ಗೌ ಓಕ್’ ಎಂದೇ ಪ್ರಸಿದ್ಧ.

ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಗ್ಲೆನ್ ಮತ್ತು ಇಂಗ್ಲಿಸ್ ಸಂಗ್ರಹಗಳ ಹಳೆಯ ಸಂಗೀತ ಮುದ್ರಣಗಳನ್ನು ಡಿಜಿಟಲ್ ರೂಪದಲ್ಲಿ ತೆರೆದಿಟ್ಟಿದೆ. ಇದರಿಂದ ಹಳೆಯ ಮುದ್ರಣಗಳನ್ನು ಈಗಿನ ವಾದನಗಳೊಂದಿಗೆ ಹೋಲಿಸುವುದು ಸುಲಭವಾಗಿದೆ, ಕೆಲವು ವಾದಕರು ಮುದ್ರಿತ ಮಂದ್ರದ ಸಾಲುಗಳನ್ನು ಚೆಲ್ಲೊದಲ್ಲಿ ಮರಳಿ ಬಳಸತೊಡಗಿದ್ದಾರೆ. ಮೂಲಕ್ಕೆ ಮರಳುವ ಈ ಪ್ರವೃತ್ತಿ ಬೇರೆ ರೂಪಗಳನ್ನು ತಪ್ಪೆಂದು ತಳ್ಳಿಹಾಕಿಲ್ಲ. ಚೆಲ್ಲೊ ಜತೆಗಿನ ವಾದನ, ಸ್ಕಿನ್ನರ್ ನಂತರದ ಕಛೇರಿಯ ರೀತಿ ಮತ್ತು ಕೇಪ್ ಬ್ರೆಟನ್ನಿನ ಸರಣಿಯ ರೀತಿ ಅಕ್ಕಪಕ್ಕದಲ್ಲೇ ಚಲಾವಣೆಯಲ್ಲಿವೆ. ಧ್ವನಿಮುದ್ರಿಕೆಗಳ ವಿವರಪಟ್ಟಿಯಲ್ಲಿ ಈ ಮಟ್ಟನ್ನು ‘ಸಾಂಪ್ರದಾಯಿಕ’ ಎಂದಷ್ಟೇ ಬರೆದರೆ ಕರ್ತೃವಿಗೆ ಅನ್ಯಾಯ, ‘ನೀಲ್ ಗೌ’ ಎಂದಷ್ಟೇ ಬರೆದರೆ ಅದನ್ನು ಉಳಿಸಿ ಬೆಳೆಸಿದ ಎರಡು ಶತಮಾನಗಳ ವಾದಕರಿಗೆ ಅನ್ಯಾಯ. ಕರ್ತೃ ನೀಲ್ ಗೌ, ಪ್ರಥಮ ಮುದ್ರಣ 1809, ಪರಂಪರೆ ಸ್ಕಾಟ್ಲೆಂಡಿನ ಪಿಟೀಲು ಎಂದು ಮೂರನ್ನೂ ಸೇರಿಸಿ ನಮೂದಿಸುವುದೇ ಈ ರಚನೆಗೆ ಸರಿಹೊಂದುವ ವರ್ಗೀಕರಣ.